ಹುಳು ಬದುಕಿದ ಕೋಣೆ

ಮಂಡಿನೋವು ತೋರಿಸಿಕೊಳ್ಳಲು ಮೊನ್ನೆ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗಿದ್ದೆ. ಚೀಟಿ ಹಿಡಿದು ಬೆಂಚಿನ ಮೇಲೆ ಕೂತಿದ್ದಾಗ ಒಬ್ಬಳು ಹುಡುಗಿ ಬಕೆಟ್ಟು ತಂದು ನನ್ನ ಕಾಲ ಬುಡದಲ್ಲೇ ಫಿನಾಯಿಲು ಸುರಿದು ನೆಲ ಒರೆಸತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು ಘಾಟು. "ಸ್ವಲ್ಪ ಕಮ್ಮಿ ಹಾಕಬಾರದೇನಮ್ಮ?" ಅಂದೆ. "ಘಾಟಿದ್ರೇನೇ ಅಜ್ಜಿ, ಕ್ಲೀನಾಗೈತೆ ಅಂತ ಜನಕ್ಕೆ ಗೊತ್ತಾಗೋದು," ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಇದೇ ಮಾತನ್ನು ಒಂದು ಕಾಲದಲ್ಲಿ ನಾನೂ ಹೇಳಿದ್ದೆ, ಅದೂ ಎಂಥ ಜೋರಿನಲ್ಲಿ! ಜೊತೆಗಿದ್ದ ಮಗಳು, "ಏನಮ್ಮಾ, ಒಬ್ಬಳೇ ನಗ್ತೀಯ?" ಎಂದು ಕೇಳಿದಳು. ಅವಳಿಗೆ ಏನೆಂದು ಹೇಳಲಿ? ನನ್ನ ಹೆಸರು ಕೂಗುವವರೆಗೂ ನಾನು ಆ ಬೆಂಚಿನ ಮೇಲಿರಲಿಲ್ಲ, ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದೆ.

ಊರಿನ ಹೆಸರು ಬೇಡ. ಮೇಲೂರಿನಿಂದ ಒಳಕ್ಕೆ ಮಣ್ಣುದಾರಿಯಲ್ಲಿ ನಡೆದರೆ ಸಿಗುತ್ತಿತ್ತು, ಅಷ್ಟು ಸಾಕು. ಐವತ್ತರ ದಶಕ ಮುಗಿಯುತ್ತ ಬಂದಿತ್ತು, ಆಗ ಅದೆಲ್ಲ ಕೋಲಾರ ಜಿಲ್ಲೆಗೆ ಸೇರಿತ್ತು. ಬೆಂಗಳೂರಿನಲ್ಲಿ ನರ್ಸ್ ತರಬೇತಿ, ಹೆರಿಗೆ ತರಬೇತಿ ಎರಡನ್ನೂ ಮುಗಿಸಿದ ನನಗೆ ಅದೇ ಮೊದಲ ಪೋಸ್ಟಿಂಗು. ನಾನು ಗೌರಿಬಿದನೂರು ಕಡೆಯವಳು. ನಮ್ಮದು ರಾಗಿ, ಕಡಲೆಕಾಯಿ ಬೆಳೆಯುವ ಮನೆ. ಸೀರೆ ಅಂದರೆ ರೇಷ್ಮೆಯೇ ಆಗಬೇಕು ಎನ್ನುತ್ತಿದ್ದ ನನಗೆ ರೇಷ್ಮೆ ಹುಳು ಅಂದರೆ ಮಾತ್ರ ಮೈ ಜುಂ ಎನ್ನುತ್ತಿತ್ತು. ನೋಡಿ ನನ್ನ ಹಣೆಬರಹ, ಮನೆಮನೆಯ ನಡುಮನೆಯಲ್ಲೂ ಹುಳು ಸಾಕುವ ಊರಿಗೇ ಹೋಗಿ ಬಿದ್ದೆ.

ಆಸ್ಪತ್ರೆ ಹೊಸದು, ಊರಾಚೆ ಹೊಂಗೆ ಮರದ ಪಕ್ಕ ಕಟ್ಟಿದ್ದರು. ನಕ್ಷೆ ಎಲ್ಲಿಂದಲೋ ಬಂದಿತ್ತು. ಬರೆದವರು ಆ ಊರಿನ ಬಿಸಿಲು ಕಂಡಿರಲಿಲ್ಲ. ಪಡುವಣಕ್ಕೆ ಮುಖ, ದೊಡ್ಡ ಗಾಜಿನ ಕಿಟಕಿಗಳು. ಹೆರಿಗೆ ಕೋಣೆಯ ನಡುವೆ ಎದೆಯೆತ್ತರದ ಕಬ್ಬಿಣದ ಮೇಜು. ಮಧ್ಯಾಹ್ನದ ಮೇಲೆ ಬಿಸಿಲು ನೇರ ಬಂದು ಆ ಮೇಜಿನ ಮೇಲೇ ಮಲಗುತ್ತಿತ್ತು, ಬೇರೆ ಯಾರೂ ಬಂದು ಮಲಗಲಿಲ್ಲ.

ನಾನು ಬಂದ ವಾರದಲ್ಲೇ ಮಲೇರಿಯಾ ತಡೆಯಲೆಂದು ಪಂಪು ಹೊತ್ತುಕೊಂಡು ಸೊಳ್ಳೆ ಔಷಧಿ ಹೊಡೆಯುವವರು ಬಂದಿದ್ದರು. ಊರಿನವರು ಒಂದು ಮನೆಯ ಹೊಸಲನ್ನೂ ಅವರಿಗೆ ದಾಟಗೊಡಲಿಲ್ಲ. ಆ ಔಷಧಿ ಬಿದ್ದ ಕಡೆ ರೇಷ್ಮೆ ಹುಳು ಉಳಿಯುವುದಿಲ್ಲ ಎಂದು ಪಟೇಲರೇ ಬೀದಿಗೆ ಅಡ್ಡ ನಿಂತರು. ಹೊತ್ತು ತಂದ ಔಷಧಿಯನ್ನು ಅವರು ಏನು ಮಾಡಬೇಕು? ಸ್ಕೂಲಿಗೆ, ಚಾವಡಿಗೆ, ನಮ್ಮ ಆಸ್ಪತ್ರೆಗೆ ಹೊಡೆದರು. ನಮಗಂತೂ ಒಂದರ ಮೇಲೊಂದು ಎರಡು ಕೈ ಹೊಡೆದು ಹೋದರು. ಆಮೇಲೆ ನಮ್ಮ ಆಸ್ಪತ್ರೆಯಲ್ಲಿ ನೊಣ ಅಂದರೆ ನೊಣ ಇಲ್ಲ. ಬೆಳಿಗ್ಗೆ ಬೆಳಿಗ್ಗೆ ಗೋಡೆ ಬುಡದಲ್ಲಿ ಸತ್ತು ಬಿದ್ದಿರುತ್ತಿದ್ದ ನೊಣಗಳನ್ನು ಗುಡಿಸಿ ಎಸೆಯುವುದು ನನಗೆ ಬಲು ಹೆಮ್ಮೆಯ ಕೆಲಸವಾಗಿತ್ತು.

ಆದರೆ ಹೆಂಗಸರು ಬರಲಿಲ್ಲ. ಕುಡುಗೋಲು ತಗುಲಿಸಿಕೊಂಡ ಗಂಡಸರು, ಚೇಳು ಕಚ್ಚಿಸಿಕೊಂಡವರು ಬರುತ್ತಿದ್ದರು, ಕಟ್ಟು ಕಟ್ಟಿಸಿಕೊಂಡು ಹೋಗುತ್ತಿದ್ದರು. ಬಸುರಿ ಒಬ್ಬಳೂ ಇತ್ತ ತಲೆ ಹಾಕಲಿಲ್ಲ. ಇವರಿಗೆ ಆಸ್ಪತ್ರೆಯ ಶುಚಿಯ ಬಗ್ಗೆ ಅನುಮಾನವಿರಬೇಕು ಎಂದುಕೊಂಡು ನಾನು ಫಿನಾಯಿಲು ಹೆಚ್ಚಿಸಿದೆ. ಆಗಲೂ ಬರಲಿಲ್ಲ, ಇನ್ನೂ ಹೆಚ್ಚಿಸಿದೆ. ನಮ್ಮ ಅಟೆಂಡರ್ ವೆಂಕಟರವಣಪ್ಪ ಚಿಂತಾಮಣಿ ಕಡೆಯವನು, ಸಿಟ್ಟು ಬಂದರೆ ತೆಲುಗಿಗೆ ಇಳಿಯುತ್ತಿದ್ದ. "ಎಂದುಕಮ್ಮಾ ಇಂತ ಪೋಸ್ತಾವು? ಇಷ್ಟ್ಯಾಕೆ ಸುರೀತೀಯ, ಮೂಗು ಉರ್ದೋಗ್ತದೆ," ಎಂದು ಟವಲು ಮುಚ್ಚಿಕೊಳ್ಳುತ್ತಿದ್ದ. "ಘಾಟಿದ್ದರೇ ಶುಚಿ ಅಂತ ಜನಕ್ಕೆ ಗೊತ್ತಾಗೋದು, ನೀನು ಸುಮ್ಮನಿರಯ್ಯ," ಎಂದು ನಾನು ಬಾಯಿ ಮುಚ್ಚಿಸುತ್ತಿದ್ದೆ.

ಕೊನೆಗೆ ಅವರು ಬರದಿದ್ದರೆ ನಾನೇ ಹೋಗುತ್ತೇನೆ ಎಂದು ಬಿಳಿ ಸೀರೆ ಗಂಜಿ ಹಾಕಿ ಉಟ್ಟುಕೊಂಡು ಊರೊಳಗೆ ಹೊರಟೆ. ಮೊದಲು ಪಟೇಲರ ಮನೆ. ಪಟೇಲರ ಹೆಂಡತಿ ನಂಜಮ್ಮನವರು ಒಪ್ಪಿದರೆ ಊರೇ ಒಪ್ಪಿದ ಹಾಗೆ ಎಂದು ಡಾಕ್ಟರು ಹೇಳಿದ್ದರು. ಹೆಬ್ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಒಳಗಿಂದ ಒಂದು ಧ್ವನಿ, "ಅಲ್ಲೇ ನಿಲ್ಲು!" ಗಾಬರಿಯಾಗಿ ನಿಂತೆ. ಎತ್ತರದ ಹೆಂಗಸು, ಹಣೆ ತುಂಬ ಕುಂಕುಮ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲಿಗೆ ಬಂದರು.

"ಹೊಸ ನರ್ಸಮ್ಮಾನಾ? ಅಂಗಳದಾಗೇ ಇರು ತಾಯಿ. ಹುಳ ಮೂರನೇ ಜ್ವರದಾಗವೆ. ನೀನು ಆ ಫಿನಾಯಿಲ್ ವಾಸನೆ ಹೊತ್ಕೊಂಡು ಬಂದ್ರೆ ಎಲ್ಲಾ ಗೊಟಕ್ ಅಂತಾವೆ."

ಜ್ವರ ಎಂದರೆ ಹುಳು ಪೊರೆ ಬಿಡುವ ಹೊತ್ತಿನ ನಿದ್ದೆ ಎಂಬುದು ಆಮೇಲೆ ಗೊತ್ತಾಯಿತು. ಹುಳು ಬದುಕಿನಲ್ಲಿ ನಾಲ್ಕು ಸಲ ಹೀಗೆ ಜ್ವರಕ್ಕೆ ಹೋಗುತ್ತದಂತೆ. ಆಗ ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ಬೀಡಿ ಸೇದುವುದಿಲ್ಲ. ಕಿಟಕಿಗೆ ಈಚಲು ಚಾಪೆ. ಬಿಸಿಲು ಏರಿದರೆ ಚಾಪೆಗೆ ನೀರು ಚಿಮುಕಿಸುತ್ತಾರೆ, ಥಂಡಿಯಾದರೆ ಕೆಂಡದ ಬಾಣಲೆ ಇಡುತ್ತಾರೆ. ಇರುವೆ ಹತ್ತದಂತೆ ಹುಳು ಮೇಯುವ ಬಿದಿರ ತಟ್ಟೆ ಜೋಡಿಸಿದ ಚೌಕಟ್ಟಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸುತ್ತಾರೆ. ಒಳಗೆ ಹೋಗುವವರು ಕಾಲು ತೊಳೆದೇ ಹೋಗಬೇಕು. ನಾನು ನೋಡಿದ ಬೆಂಗಳೂರಿನ ಯಾವ ವಾರ್ಡಿನಲ್ಲೂ ರೋಗಿಗೆ ಇಷ್ಟು ಉಪಚಾರವಿರಲಿಲ್ಲ.

ಅಂಗಳದ ತುಳಸಿಕಟ್ಟೆಯ ಹತ್ತಿರ ಅವರ ಸೊಸೆ ಗಂಗಮ್ಮ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಕೂತಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು, ಐದು ತಿಂಗಳ ಬಸುರಿ. ಹಿಂದಿನ ಎರಡು ಹೆರಿಗೆಯೂ ತವರಿನಲ್ಲಾಗಿತ್ತು. ಎರಡು ಮಕ್ಕಳೂ ಕಾಲು ಮುಂದಾಗಿ ಬಂದು, ತಲೆ ಸಿಕ್ಕಿಕೊಂಡು, ಉಸಿರಾಡದೆ ಹೋಗಿದ್ದವು. ಅವಳೇ ಅದನ್ನು ಹೇಳಿದಳು, ಸೊಪ್ಪಿನಿಂದ ಕಣ್ಣೆತ್ತದೆ. "ಈ ಸಲ ಅತ್ತೆ ತವರಿಗೆ ಕಳ್ಸಲ್ಲ ಅಂದವ್ರೆ, ಇಲ್ಲೇ," ಅಂದಳು. ಇಲ್ಲೇ ಅಂದರೆ ಎಲ್ಲಿ ಎಂದು ಕೇಳಿದೆ. ಗೋಣು ತಿರುಗಿಸಿ ಹಿತ್ತಿಲ ಕೊಟ್ಟಿಗೆ ತೋರಿಸಿದಳು.

ನನಗೆ ರೇಗಿತು ನೋಡಿ! ಹುಳು ಇರುವ ಮನೆಯಲ್ಲಿ ಪುರುಡು, ಅಂದರೆ ಹೆರಿಗೆಯ ಸೂತಕ, ಆಗಬಾರದು ಎಂಬುದು ಅಲ್ಲಿನ ಕಟ್ಟು. ಹೆರಿಗೆ ಆದ ಜಾಗಕ್ಕೆ ಹೊಕ್ಕವರು ಹನ್ನೊಂದನೇ ದಿನದ ನೀರು ಮೀಯುವವರೆಗೂ ಹುಳುಮನೆ ಮೆಟ್ಟಿಲಿಗೂ ಹೋಗುವಂತಿಲ್ಲ. ಅದಕ್ಕೇ ಬಸುರಿಯರು ಕೊಟ್ಟಿಗೆಗೆ.

"ಹುಳುವಿಗೆ ನಡುಮನೆ, ಸೊಸೆಗೆ ಕೊಟ್ಟಿಗೆ! ಚೆನ್ನಾಗಿದೆ ನಂಜಮ್ಮನೋರೇ ನಿಮ್ಮ ನ್ಯಾಯ!" ಅಂದುಬಿಟ್ಟೆ. ಗಂಗಮ್ಮನ ಕೈಯಲ್ಲಿದ್ದ ಚೂರಿ ನಿಂತಿತು. ಆ ಮನೆಯ ಅಂಗಳದಲ್ಲಿ ಹಾಗೆ ಯಾರೂ ಮಾತಾಡಿರಲಿಕ್ಕಿಲ್ಲ.

ನಂಜಮ್ಮನವರು ಧ್ವನಿ ಏರಿಸಲಿಲ್ಲ, ಹುಳು ಜ್ವರದಲ್ಲಿತ್ತಲ್ಲ. "ನಿನ್ನ ಆಸ್ಪತ್ರೆ ಏನಮ್ಮಾ ಅರಮನೆ? ನೋಡಿವ್ನಿ ಬಿಡು. ಮಧ್ಯಾಹ್ನ ಹಂಚಿನ ಮ್ಯಾಲೆ ರೊಟ್ಟಿ ಬೇಯ್ಸೋ ಅಂಗೆ ಸುಡ್ತದೆ. ಒಳಕ್ಕೆ ಕಾಲಿಟ್ರೆ ಕಣ್ಣುರಿ. ಆ ಮೇಜಿನ ಮ್ಯಾಲೆ ಹತ್ತಿ ಮಲಗಿದ್ರೆ ಹೆಣ ಮಲಗ್ಸಿದಂಗೆ. ನನ್ನ ಹುಳಾನೇ ಅಲ್ಲಿ ಬದುಕಾಕಿಲ್ಲ, ಇನ್ನು ನನ್ನ ಸೊಸೆ ಬದುಕ್ತಾಳಾ?"

"ಹುಳು ಬದುಕಿದರೆ ಸೊಸೆಯನ್ನ ಕಳಿಸ್ತೀರಾ?" ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅದು.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಒಂದು ತಟ್ಟೆ ಹುಳ ಕೊಡ್ತೀನಿ. ಆ ಹೆರಿಗೆ ಕೋಣೇಲೇ ಮಡಗು. ಗೂಡು ಕಟ್ಟಿದ್ರೆ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಬರ್ತೀನಿ. ಇಲ್ದಿದ್ರೆ ಇನ್ನೊಂದ್ ಸಲ ಈ ಮಾತು ಎತ್ಬಾರ್ದು."

ಡಾಕ್ಟರಿಗೆ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಬೆವೆತೆ. ಅವರು ಮೈಸೂರಿನವರು, ಮಿತಭಾಷಿ, ಮೂಗಿನ ತುದಿಗೆ ಕನ್ನಡಕ. ಹೆರಿಗೆ ಕೋಣೆಯಲ್ಲಿ ಹುಳು ಸಾಕುತ್ತೇನೆಂದರೆ ಕೆಲಸದಿಂದಲೇ ತೆಗೆಸಿಯಾರು ಎಂದುಕೊಂಡಿದ್ದೆ. ಅವರು ಕೇಳಿ ಮೊದಲು ನಕ್ಕರು, ಆಮೇಲೆ ಗಂಗಮ್ಮನ ಹಿಂದಿನ ಹೆರಿಗೆಗಳ ವಿಷಯ ಹೇಳಿದಾಗ ನಗು ನಿಂತಿತು. "ಕೊಟ್ಟಿಗೆಯಲ್ಲಿ ಆದರೆ ಇದೂ ಉಳಿಯೋದಿಲ್ಲ, ಸರೋಜಮ್ಮ. ತಾಯೀನೂ ಉಳೀತಾಳೆ ಅಂತ ಹೇಳೋಕಾಗಲ್ಲ. ಹೆಂಗೂ ಕೋಣೆ ಖಾಲಿ ಬಿದ್ದಿದೆ, ಇಡಿ ಹುಳಾನ," ಅಂದರು.

ಫಿನಾಯಿಲು ನಿಲ್ಲಿಸಿದೆ. ನೆಲವನ್ನು ಸೋಪಿನ ಬಿಸಿನೀರಲ್ಲಿ ಉಜ್ಜಿ, ಕಿಟಕಿ ಬಾಗಿಲು ತೆಗೆದು ದಿನಗಟ್ಟಲೆ ಗಾಳಿಯಾಡಿಸಿದೆ. ಆಷಾಢದ ಗಾಳಿ ಬೇರೆ, ವಾಸನೆಯನ್ನೆಲ್ಲ ಗುಡಿಸಿಕೊಂಡು ಹೋಯಿತು. ನಂಜಮ್ಮನವರ ಮಗ ಕೃಷ್ಣಪ್ಪ ತಟ್ಟೆ ತಂದಿಟ್ಟು, ಸೊಪ್ಪು ಹಾಕುವುದು ಹೇಳಿಕೊಟ್ಟು ಹೋದ. ಬೆರಳುದ್ದವೂ ಇಲ್ಲದ ಬೂದಿ ಬಣ್ಣದ ಹುಳುಗಳು. ಕಣ್ಣು ಮುಚ್ಚಿಕೊಂಡೇ ಸೊಪ್ಪು ಉದುರಿಸಿದೆ.

ಮಾರನೆಯ ದಿನ ಬಾಗಿಲು ತೆಗೆದರೆ ತಟ್ಟೆಯಲ್ಲಿ ಹುಳುಗಳು ಹಸಿರು ನೀರು ಕಾರಿಕೊಂಡು ಹೊರಳಾಡುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಒಂದೂ ಮಿಸುಕಲಿಲ್ಲ.

ಅಯ್ಯೋ, ಆ ದಿನ ನನಗಾದ ಅವಮಾನ! ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹೋಯಿತು. ಬಾವಿ ಹತ್ತಿರ ನೀರು ಸೇದುವ ಹೆಂಗಸರು ನನ್ನ ಕಂಡು ಮಾತು ನಿಲ್ಲಿಸಿದರು. "ಒಂದಿನಾನೂ ಇರ್ಲಿಲ್ವಂತಲ್ಲೇ," ಎಂದದ್ದು ಬೆನ್ನ ಹಿಂದೆ ಕೇಳಿಸಿತು. ನಾನು ಆಸ್ಪತ್ರೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ. ಹುಳುವಿಗಾಗಿ ಅಲ್ಲ. ಗಂಗಮ್ಮ ಗೋಣು ತಿರುಗಿಸಿ ಕೊಟ್ಟಿಗೆ ತೋರಿಸಿದ್ದು ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಅತ್ತು ಮುಗಿದ ಮೇಲೆ ಪೊರಕೆ ತಗೊಂಡೆ. ಬೇಜಾರಾದರೆ ಗುಡಿಸುವುದು ನನ್ನ ಅಭ್ಯಾಸ, ಈಗಲೂ ಹಾಗೇ. ಗೋಡೆ ಬುಡದ ಸತ್ತ ನೊಣಗಳನ್ನು ಗುಡಿಸಿ ಮೊರಕ್ಕೆ ಎಳೆದೆ, ತಟ್ಟೆಯ ಸತ್ತ ಹುಳುಗಳನ್ನೂ ಅದೇ ಮೊರಕ್ಕೆ ಸುರಿದೆ. ಆಗ ಮೊರ ನೋಡುತ್ತ ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಫಿನಾಯಿಲು ನಿಲ್ಲಿಸಿ ಎಷ್ಟೋ ದಿನವಾಗಿತ್ತು, ಆದರೂ ನೊಣ ಸಾಯುತ್ತಲೇ ಇತ್ತಲ್ಲ! ಎದ್ದು ಗೋಡೆಗೆ ಕೈ ಸವರಿದೆ. ಸೊಳ್ಳೆ ಔಷಧಿಯ ಬಿಳಿ ಪುಡಿ ಅಂಗೈಗೆ ಹತ್ತಿತು. ಪಟೇಲರು ಬೀದಿಗೆ ಅಡ್ಡ ನಿಂತು ಏನು ತಡೆದಿದ್ದರೋ ಅದರ ನಡುವೆಯೇ ಅವರ ಮನೆಯ ಹುಳುಗಳನ್ನು ತಂದಿಟ್ಟಿದ್ದೆ. ಆ ನೊಣದ ಹೆಮ್ಮೆ ಏನಾಯಿತು ಅಂತೀರಿ!

ಡಾಕ್ಟರ ಹತ್ತಿರ ಓಡಿದೆ. ಅವರು ಗೋಡೆ ಮುಟ್ಟಿ ನೋಡಿ, ಕನ್ನಡಕ ತೆಗೆದು ಒರೆಸಿಕೊಂಡು, "ಹಾಗಾದರೆ ಗೋಡೆಗಳನ್ನೇ ಹೊಸದಾಗಿ ಮಾಡಬೇಕು," ಅಂದರು. ನಂಜಮ್ಮನವರ ಮನೆಗೆ ಅವರೇ ಬಂದರು. ಅಂಗಳದಲ್ಲೇ ನಿಂತು, "ಅಮ್ಮಾ, ತಪ್ಪು ಕೋಣೇದು, ಹುಡುಗೀದಲ್ಲ. ಇನ್ನೊಂದು ತಟ್ಟೆ ಕೊಡಿ," ಎಂದು ಕೇಳಿದರು. ಡಾಕ್ಟರು ಅಂಥವರು ಅಂಗಳದಲ್ಲಿ ನಿಂತು ಕೇಳಿದ್ದು ನಂಜಮ್ಮನವರಿಗೆ ಮುಟ್ಟಿತೋ, ಇಲ್ಲ ಸೊಸೆಯ ಹೊಟ್ಟೆ ದಿನದಿನಕ್ಕೂ ಮುಂದೆ ಬರುತ್ತಿದ್ದುದು ಅವರಿಗೂ ಭಯ ಹುಟ್ಟಿಸಿತ್ತೋ. "ಕೊಡ್ತೀನಿ. ಆದ್ರೆ ಈ ಸಲ ಕೋಣೆ ನಾನ್ ಹೇಳ್ದಂಗೆ ಆಗ್ಬೇಕು," ಅಂದರು.

ಅಲ್ಲಿಂದ ಶುರುವಾಯಿತು ನಮ್ಮ ಜಗಳ. ಇಡೀ ಶ್ರಾವಣ ಅದರಲ್ಲೇ ಕಳೆಯಿತು, ನನ್ನ ಆಯುಸ್ಸಿನಲ್ಲಿ ಅಷ್ಟು ಖುಷಿಯಾಗಿ ಜಗಳವಾಡಿದ್ದು ಬೇರೆ ಇಲ್ಲ. ವೆಂಕಟರವಣಪ್ಪ ಗೋಡೆಯ ಗಾರೆ ಕೆರೆದು ತೆಗೆದ. ಮೇಲೂರಿನಿಂದ ಸುಣ್ಣ ತರಿಸಿ ಬಳಿದು, ಒಣಗಿದ ಮೇಲೆ ಮತ್ತೆ ಬಳಿದೆವು. ನಂಜಮ್ಮನವರು ದಿನಾ ಬಂದು ಬಾಗಿಲಲ್ಲಿ ನಿಂತು ಗೋಡೆ ಮೂಸಿ ನೋಡುತ್ತಿದ್ದರು. "ಕಿಟಕಿ ಎಲ್ಲಾ ಮುಚ್ಚಿಸು," ಅನ್ನೋರು. "ಗಾಳಿ ಇಲ್ಲದಿದ್ದರೆ ಬಾಣಂತಿ ಕೊಳೀತಾಳೆ," ಅನ್ನುತ್ತಿದ್ದೆ ನಾನು. "ಗಾಳಿ ಹೊಡೆದ್ರೆ ಬಾಣಂತಿಗೆ ಸನ್ನಿ ಆಗ್ತದೆ ಕಣೇ, ಬೆಂಗ್ಳೂರಲ್ಲಿ ಅಷ್ಟೂ ಕಲಿಸ್ಲಿಲ್ವಾ?" ಕೊನೆಗೆ ಡಾಕ್ಟರು ನಡುವೆ ಬಂದು ಪಡುವಣ ಕಿಟಕಿಗಳಿಗೆ ಹೊರಗಿಂದ ಸೋಗೆಯ ಚಪ್ಪರ ಇಳಿಸಿದರು, ಒಳಗಿಂದ ಈಚಲು ಚಾಪೆ. ಚಾಪೆಯನ್ನು ಎಷ್ಟು ಬೇಕೋ ಅಷ್ಟು ಸುತ್ತಿ ಮೇಲಕ್ಕೆ ಕಟ್ಟುವ ಹಾಗೆ ಹಗ್ಗ. ಗಾಳಿ ಬರಬೇಕು, ಮೈಗೆ ಹೊಡೆಯಬಾರದು. ಇಬ್ಬರೂ ಗೆದ್ದೆವು ಅಂದುಕೊಂಡೆವು.

ಎದೆಯೆತ್ತರದ ಮೇಜನ್ನು ನಾನೇ ಬಿಡಿಸಿದೆ. ಅದನ್ನು ಹತ್ತುವುದಿರಲಿ, ನೋಡಿದರೇ ಬಸುರಿಗೆ ಎದೆ ಹಾರುತ್ತದೆ ಎಂಬುದರಲ್ಲಿ ನಂಜಮ್ಮನವರ ಮಾತು ನಿಜ. ಅದನ್ನು ಔಷಧಿ ಕೋಣೆಗೆ ಸಾಗಿಸಿ, ಮೊಳಕಾಲೆತ್ತರದ ಮರದ ಮಂಚ ಮಾಡಿಸಿದೆವು, ತಲೆ ಮೂಡಲಿಗೆ ಬರುವ ಹಾಗೆ. ಮಂಚದ ಪಕ್ಕದಲ್ಲಿ ಅತ್ತೆಯೋ ಅಮ್ಮನೋ ಕೂರಲು ಒಂದು ಕಲ್ಲಿನ ಜಗಲಿ. "ಒಳಕ್ಕೆ ಬಂದ್ರೆ ಪುರುಡು ತಾಕ್ತದೆ, ಯಾರು ಬರ್ತಾರೆ?" ಎಂದು ನಂಜಮ್ಮನವರು ಅದನ್ನು ಬೇಡವೆಂದರು. "ಇರಲಿ, ಯಾರಾದರೂ ಬಂದಾರು," ಎಂದು ನಾನು ಕಟ್ಟಿಸಿಯೇ ಬಿಟ್ಟೆ. ಹೊಂಗೆ ಮರದ ಕೆಳಗೆ ನೀರು ಕಾಯಿಸಲು ಒಲೆ, ದೊಡ್ಡ ಹಂಡೆ. ಬಾಗಿಲ ಹೊರಗೆ ಕಾಲು ತೊಳೆಯಲು ತೊಟ್ಟಿ. ಕತ್ತರಿ, ದಾರ, ಬಟ್ಟೆಗಳನ್ನು ಕುದಿಯುವ ನೀರಿನಿಂದಲೇ ತೆಗೆಯಬೇಕು ಎಂಬ ನನ್ನ ಹಟವನ್ನು ಮಾತ್ರ ನಾನು ಒಂದಿಷ್ಟೂ ಸಡಿಲಿಸಲಿಲ್ಲ. "ಮಡಿ ಅಂದ್ರೆ ನಿಂದೇ ಮಡಿ ಕಣಮ್ಮ, ನಮ್ಮತ್ತೇಗಿಂತ ಒಂದು ಕೈ ಮೇಲೆ," ಎಂದು ನಂಜಮ್ಮನವರು ನಕ್ಕರು. ಅವರು ನಕ್ಕದ್ದನ್ನು ಆವತ್ತೇ ಮೊದಲು ನೋಡಿದ್ದು.

ಗೌರಿ ಹಬ್ಬ ಕಳೆದ ಮೇಲೆ ಎರಡನೇ ತಟ್ಟೆ ಬಂತು. ನಾನು ಮಾತು ಮರೆತವಳ ಹಾಗೆ ಅದರ ಮುಂದೆ ಕೂತೆ. ಬೆಳಿಗ್ಗೆ ಎದ್ದ ಕೂಡಲೇ ಹೋಗಿ ನೋಡುವುದು. ಬದುಕಿವೆ. ಸೊಪ್ಪು ಹಾಕುವುದು. ಮಧ್ಯಾಹ್ನ ಮತ್ತೆ ಹೋಗುವುದು. ಬದುಕಿವೆ! ಕಣ್ಣು ಮುಚ್ಚಿಕೊಂಡು ಸೊಪ್ಪು ಹಾಕುತ್ತಿದ್ದವಳು ಯಾವಾಗ ಕಣ್ಣು ಬಿಟ್ಟೆನೋ ತಿಳಿಯದು. ಹುಳುಗಳು ತಲೆ ಎತ್ತಿ ನಾಲ್ಕನೇ ಜ್ವರಕ್ಕೆ ಕೂತ ದಿನ ನಾನು ಡಾಕ್ಟರಿಗೇ, "ಶ್... ಮೆಲ್ಲಗೆ ನಡೀರಿ," ಎಂದು ಗದರಿಸಿದೆನಂತೆ. ಆ ಮಾತು ಹಿಡಿದುಕೊಂಡು ವೆಂಕಟರವಣಪ್ಪ ವರ್ಷವೆಲ್ಲ ಆಡಿಕೊಂಡ.

ಅಷ್ಟರಲ್ಲಿ ಇನ್ನೊಂದು ಆಯಿತು. ಆಸ್ಪತ್ರೆಯಲ್ಲಿ ಹುಳು ಮೇಯುತ್ತಿದೆ ಎಂದು ಊರ ಹೆಂಗಸರು ನೋಡಲು ಬರತೊಡಗಿದರು. ತೊಟ್ಟಿಯಲ್ಲಿ ಕಾಲು ತೊಳೆದು, ಬಾಗಿಲಲ್ಲಿ ಇಣುಕಿ, ಸೊಪ್ಪು ಸಣ್ಣಗೆ ಹೆಚ್ಚಿಲ್ಲ ಎಂದು ನನ್ನನ್ನು ಬೈದು, ಹೊಂಗೆ ನೆರಳಲ್ಲಿ ಕೂರುತ್ತಿದ್ದರು. ಕೂತ ಮೇಲೆ ಸುಮ್ಮನಿರುತ್ತಾರೆಯೇ? "ನರ್ಸಮ್ಮಾ, ಈ ಮಗೂಗೆ ಕಜ್ಜಿ," "ನಂಗೆ ಸೊಂಟದಾಗೆ ನೋವು." ಮದ್ದು ಕೊಡುತ್ತ ಕೊಡುತ್ತ ಊರಿನ ಬಸುರಿಯರೆಲ್ಲರ ಗುರುತಾಯಿತು. ಹುಳು ಗೂಡು ಕಟ್ಟುವ ಹದಕ್ಕೆ ಹಣ್ಣಾಗಿ, ಮೈಯೆಲ್ಲ ಹಳದಿ ಹೊಳಪಾದಾಗ ಕೃಷ್ಣಪ್ಪ ಅವನ್ನು ಆಯ್ದು ಚಂದ್ರಿಕೆಗೆ ಬಿಟ್ಟ. ಚಂದ್ರಿಕೆ ಅಂದರೆ ಹುಳು ಗೂಡು ಕಟ್ಟಲೆಂದು ಬಿದಿರಲ್ಲಿ ಸುರುಳಿ ಹೆಣೆದ ಚಾಪೆ. ಕೆಲವೇ ದಿನದಲ್ಲಿ ಆ ಸುರುಳಿಗಳ ತುಂಬ ಹೊಂಬಣ್ಣದ ಗೂಡುಗಳು. ನಂಜಮ್ಮನವರು ಒಂದು ಗೂಡು ಬಿಡಿಸಿ ಬೆರಳಲ್ಲಿ ಒತ್ತಿ ನೋಡಿದರು. "ಗಟ್ಟಿಯಾಗೈತೆ," ಎಂದಷ್ಟೇ ಹೇಳಿ ಹೊರಟುಹೋದರು. ನಾನು ಕೋಣೆಗೆ ಮತ್ತೆ ಸುಣ್ಣ ಬಳಿಸಿ, ಕುದಿನೀರಿನಲ್ಲಿ ತೊಳೆಸಿ, ಮಂಚಕ್ಕೆ ಹೊಸ ಚಾಪೆ ಹಾಸಿ ಕಾದೆ.

ಗಂಗಮ್ಮನ ಮಗು ಈ ಸಲವೂ ತಲೆ ಮೇಲಾಗಿ ಕೂತಿತ್ತು. ಡಾಕ್ಟರು ಹೊಟ್ಟೆಯ ಮೇಲಿಂದ ಕೈಯಾಡಿಸಿ ಮೆಲ್ಲಗೆ ತಿರುಗಿಸಿದರು, ವಾರ ಕಳೆಯುವಷ್ಟರಲ್ಲಿ ಅದು ಮತ್ತೆ ಹಾಗೇ ಕೂತಿತು. "ಹಟಮಾರಿ, ಅಜ್ಜಿ ಥರಾನೇ," ಎಂದೆ. ಗಂಗಮ್ಮ ನಗಲಿಲ್ಲ. "ಅಕ್ಕಾ, ಇದೂ ಹೋಗ್ತದಾ?" ಎಂದು ಕೇಳಿದಳು. ನಾನು ಬಾಚಣಿಗೆ ತಗೊಂಡು ಅವಳ ತಲೆ ಬಾಚಿದೆ.

ಕಾರ್ತಿಕದ ಥಂಡಿಯಲ್ಲಿ, ನಂದಿ ಬೆಟ್ಟದ ಕಡೆ ಇನ್ನೂ ಮಂಜು ಕರಗದಿದ್ದ ಒಂದು ಬೆಳಿಗ್ಗೆ ನಂಜಮ್ಮನವರು ಸೊಸೆಯ ಕೈ ಹಿಡಿದು ನಡೆಸಿಕೊಂಡು ಬಂದರು. ಆಡಿದ ಮಾತಿಗೆ ತಪ್ಪಲಿಲ್ಲ. ಆದರೆ ಅದೇ ದಿನ ಅವರ ಮನೆಯ ಹುಳುಗಳೂ ಹಣ್ಣಾಗತೊಡಗಿದ್ದವು. ಹಣ್ಣಾದ ಹುಳು ಕಾಯುವುದಿಲ್ಲ. ಆಯ್ದು ಚಂದ್ರಿಕೆಗೆ ಬಿಡದಿದ್ದರೆ ತಟ್ಟೆಯಲ್ಲೇ, ಸೊಪ್ಪಿನ ಕಸದಲ್ಲೇ, ಒಂದರ ಮೇಲೊಂದು ಗೂಡು ಸುತ್ತಿ ಎಲ್ಲ ಕೆಡುತ್ತದೆ. ಯಾವ ಹುಳು ಹಣ್ಣು, ಯಾವುದು ಕಾಯಿ ಎಂದು ಆ ಮನೆಯಲ್ಲಿ ಅವರಷ್ಟು ಬೇಗ ಆಯುವವರು ಇರಲಿಲ್ಲ. ಸೊಸೆಯನ್ನು ಬಾಗಿಲಲ್ಲಿ ಬಿಟ್ಟು ಅವರು ಹೊಂಗೆ ಮರದ ಕೆಳಗೆ ನಿಂತರು. ನಿಂತಲ್ಲಿ ನಿಲ್ಲಲಾರದೆ ಒಲೆಗೆ ಸೌದೆ ತುಂಬಿದರು.

ಒಳಗಿಂದ ಗಂಗಮ್ಮ, "ಅತ್ತೇ!" ಎಂದು ಕೂಗಿದಳು. ಅವ್ವ ಅನ್ನಲಿಲ್ಲ, ಅತ್ತೆ ಎಂದಳು.

ಅದೇ ಹೊತ್ತಿಗೆ ಕೃಷ್ಣಪ್ಪ ಓಡಿ ಬಂದ. "ಅಮ್ಮಾ, ಹುಳ ತಟ್ಟೆ ಮ್ಯಾಲೆಲ್ಲಾ ಓಡಾಡ್ತಾವೆ, ಬೇಗ ಬಾ!"

ಪುರುಡಿನ ಕಟ್ಟು ನಂಜಮ್ಮನವರಿಗೆ ನಾನು ಹೇಳಬೇಕಾಗಿರಲಿಲ್ಲ. ಒಳಗೆ ಹೆಜ್ಜೆ ಇಟ್ಟರೆ ಹನ್ನೊಂದು ದಿನ ಹುಳುಮನೆ ಇಲ್ಲ, ಆ ಬೆಳೆ ಅವರ ಕೈ ಬಿಟ್ಟ ಹಾಗೆಯೇ. ಅವರು ತೊಟ್ಟಿಯ ನೀರು ಮೊಗೆದು ಕಾಲಿಗೆ ಸುರಿದುಕೊಂಡರು. "ನಿಮ್ ಕೈಲಿ ಆದಷ್ಟು ಆಯ್ಕೊಳ್ರೋ. ಹೋದ್ರೆ ಹೋಗ್ಲಿ," ಎಂದು ಮಗನಿಗೆ ಹೇಳಿ ಒಳಗೆ ಬಂದು, ಬೇಡವೆಂದಿದ್ದ ಅದೇ ಕಲ್ಲಿನ ಜಗಲಿಯ ಮೇಲೆ ಕೂತು ಸೊಸೆಯ ತಲೆಯನ್ನು ತೊಡೆಗೆ ಒತ್ತಿಕೊಂಡರು.

ಮಗುವಿನ ಕಾಲು ಬಂತು. ಮೈ ಬಂತು. ತಲೆ ನಿಂತಿತು. ಡಾಕ್ಟರ ಹಣೆಯ ಬೆವರು ಒರೆಸಲು ನನಗೆ ಕೈ ಬಿಡುವಿರಲಿಲ್ಲ. ಚಾಪೆಯ ಸಂದಿಯಿಂದ ಬರುತ್ತಿದ್ದ ಬೆಳಕು ಅವರ ಕೈಗೆ ಬೀಳಲೆಂದು ವೆಂಕಟರವಣಪ್ಪ ಹೊರಗಿನಿಂದ ಹಗ್ಗ ಎಳೆದು ಹಿಡಿದು ನಿಂತಿದ್ದ. "ಉಸಿರು ಬಿಡು ಗಂಗಾ, ಮೆಲ್ಲಗೆ, ಮೆಲ್ಲಗೆ," ಎನ್ನುತ್ತಿದ್ದ ನಂಜಮ್ಮನವರ ಧ್ವನಿ ಹುಳು ಜ್ವರದಲ್ಲಿದ್ದಾಗಿನ ಹಾಗೆ ತಗ್ಗಿತ್ತು. ಡಾಕ್ಟರು ಮಗುವಿನ ಮೈಯನ್ನು ತೋಳಿನ ಮೇಲೆ ಇಟ್ಟುಕೊಂಡು ಏನು ಮಾಡಿದರೋ, ತಲೆ ಜಾರಿ ಬಂತು. ಹೆಣ್ಣುಮಗು. ಅಳಲಿಲ್ಲ. ಬಾಯಿ ಒರೆಸಿದೆ, ಬೆನ್ನು ತಿಕ್ಕಿದೆ, ಅಂಗಾಲಿಗೆ ತಟ್ಟಿದೆ, ಬಿಸಿನೀರಿಗೂ ತಣ್ಣೀರಿಗೂ ಅದ್ದಿದೆ. ನನ್ನ ಮನೆದೇವರನ್ನೆಲ್ಲ ಕರೆದೆ. ಕೊನೆಗೆ ಅದು ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಸದ್ದು ಮಾಡಿತು. ಆಮೇಲೆ ಆ ಹಟಮಾರಿ ಶುರುಮಾಡಿದ ಅಳು ಊರಿಗೆಲ್ಲ ಕೇಳಿಸಿತು. ಗಂಗಮ್ಮ ಅದನ್ನು ಕೇಳುತ್ತ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ನಾನೂ ಅತ್ತೆ, ನಾಚಿಕೆಯೇನು.

ಹುಳು ಹೋಯಿತು. ಪೂರ್ತಿ ಅಲ್ಲ, ಆದರೆ ಮುಕ್ಕಾಲು ಪಾಲು ಕಸದಲ್ಲೇ ಗೂಡು ಸುತ್ತಿ ಕೆಟ್ಟಿತು. ಊರು ಬಿಡುತ್ತದೆಯೇ? "ಆಸ್ಪತ್ರೆ ಮೆಟ್ಟಿದ್ದಕ್ಕೆ ಹಂಗಾಯ್ತು, ಆ ನರ್ಸಮ್ಮನ ಸಹವಾಸ," ಎಂದು ಬಾವಿಕಟ್ಟೆಯಲ್ಲಿ ಮತ್ತೆ ಮಾತು ಎದ್ದಿತು. ಹೊಂಗೆ ನೆರಳಿಗೆ ಬರುತ್ತಿದ್ದವರಲ್ಲಿ ಕೆಲವರು ನಿಂತರು. ಇಷ್ಟು ಕಷ್ಟಪಟ್ಟು ಮಾಡಿದ ಕೋಣೆ ಮತ್ತೆ ಖಾಲಿಯಾಗುತ್ತದೆ ಎಂದು ನನಗೆ ಚಿಂತೆ. ನಂಜಮ್ಮನವರು ಏನಂದುಕೊಂಡಿದ್ದಾರೋ ಎಂಬ ಅಂಜಿಕೆಯಲ್ಲಿ ಅವರ ಮನೆಯ ಕಡೆ ಹೋಗುವುದನ್ನೇ ಬಿಟ್ಟೆ. ಮಗುವಿಗೆ ಅಮ್ಮೆ, ಅಂದರೆ ಸಿಡುಬಿನ ಚುಚ್ಚು, ಹಾಕುವ ದಿನ ಬಂದಾಗ ಮಾತ್ರ ಹೋಗದೆ ವಿಧಿಯಿರಲಿಲ್ಲ.

ಅಷ್ಟು ಹೊತ್ತಿಗೆ ಮುಂದಿನ ಬೆಳೆಯ ಹುಳುಗಳು ಬಂದಿದ್ದವು. ಆವತ್ತು ಬೆಳಿಗ್ಗೆಯಷ್ಟೇ ನಾನು ಇನ್ನೊಂದು ಹೆರಿಗೆ ಮಾಡಿಸಿದ್ದೆ. ನನಗೆ ಹನ್ನೊಂದನೇ ದಿನದ ನೀರು ಎಲ್ಲಿಂದ ಬರಬೇಕು, ವರ್ಷವೆಲ್ಲ ಪುರುಡೇ. ಅಂಗಳದಲ್ಲಿ, ಅದೇ ತುಳಸಿಕಟ್ಟೆಯ ಹತ್ತಿರ ನಿಂತು ಮಗುವಿನ ತೋಳಿಗೆ ಚುಚ್ಚಿದೆ. ಸೊಪ್ಪು ಹೆಚ್ಚಲು ಬಂದಿದ್ದ ನಾಲ್ಕಾರು ಹೆಂಗಸರು ಮುಖ ಮುಖ ನೋಡಿಕೊಂಡರು. ನಂಜಮ್ಮನವರು ಒಳಗಿಂದ ಮೆಟ್ಟಿಲಿಗೆ ಬಂದರು. ನಾನು ತಲೆ ತಗ್ಗಿಸಿಕೊಂಡು ಪೆಟ್ಟಿಗೆ ಮುಚ್ಚಿ ಹೊರಟೆ.

"ಎಲ್ಲಿಗೆ ಹೊರ್ಟೆ? ಒಳಕ್ಕೆ ಬಾ."

ನನಗೆ ಅರ್ಥವಾಗಲಿಲ್ಲ. "ಹುಳು ಇವೆ ಅಲ್ವಾ ನಂಜಮ್ಮನೋರೇ?"

"ಇವೆ. ನೋಡುವಂತೆ ಬಾ."

"ಬೆಳಿಗ್ಗೆ ತಾನೇ ಹೆರಿಗೆ ಮಾಡಿಸಿ ಬಂದಿದೀನಿ. ಸೀರೆ ಕೂಡ ಬದಲಾಯಿಸಿಲ್ಲ."

"ಗೊತ್ತಮ್ಮಾ ನಂಗೆ," ಎಂದರು ನಂಜಮ್ಮನವರು, ಆ ಹೆಂಗಸರಿಗೆಲ್ಲ ಕೇಳುವ ಹಾಗೆ. "ನಿನ್ನ ಮನೇಲಿ ನನ್ನ ಹುಳ ಬದುಕ್ತು, ನನ್ನ ಸೊಸೆ ಬದುಕಿದ್ಲು, ಮಗೂ ಬದುಕ್ತು. ನನ್ನ ಮನೆಗೆ ನೀನು ಬಂದ್ರೆ ಏನ್ ಸಾಯ್ತದೆ?"

ಒಬ್ಬಾಕೆಯ ಕೈಯ ಸೊಪ್ಪು ಹಾಗೇ ಇತ್ತು. ನಾನು ಅಂಗಳದಲ್ಲಿ ಮರದ ಹಾಗೆ ನಿಂತಿದ್ದೆ.

ನಂಜಮ್ಮನವರು ಕೆಳಗಿಳಿದು ಬಂದರು. ತುಳಸಿಕಟ್ಟೆಯ ಪಕ್ಕದ ಚೆಂಬು ಎತ್ತಿಕೊಂಡು, ನಾನು ಬೇಡಬೇಡ ಎನ್ನುತ್ತಿದ್ದರೂ ಕೇಳದೆ, ಬಗ್ಗಿ ನನ್ನ ಕಾಲಿಗೆ ತಾವೇ ನೀರು ಹಾಕಿದರು.

"ಬಾರೇ ಸರೋಜಾ," ಅಂದರು.